ಬೋಳು ಬಾಗಿಲಿನ ಸಂಕ್ರಾಂತಿ

'ಹಿತೈಷಿಗಳು' ಎಂಬ ಮಾತು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಚುನಾವಣೆ ಬಂತೆಂದರೆ ನಮ್ಮ ಜಯನಗರದ ಕಂಬಕಂಬಕ್ಕೂ ಒಂದೊಂದು ಬ್ಯಾನರು ಹತ್ತುತ್ತದೆ. ಮೇಲೆ ಒಬ್ಬರ ಮುಖ, ಕೆಳಗೆ ಸಣ್ಣ ಅಕ್ಷರದಲ್ಲಿ 'ವಾರ್ಡಿನ ಹಿತೈಷಿಗಳಿಂದ'. ಯಾರಪ್ಪ ಈ ಹಿತೈಷಿ, ಇವನಿಗೆ ಅಪ್ಪ ಅಮ್ಮ ಹೆಸರಿಟ್ಟಿಲ್ಲವೇ, ಇಟ್ಟಿದ್ದರೆ ಅದನ್ನು ಬರೆಯಲು ಏನು ಧಾಡಿ ಎಂದು ನಾನು ರಸ್ತೆಯಲ್ಲೇ ಗೊಣಗುತ್ತೇನೆ. ಜೊತೆಗಿದ್ದವರು ವಯಸ್ಸಾದ ಮೇಲೆ ಇವರಿಗೆ ಸಿಟ್ಟು ಜಾಸ್ತಿಯಾಗಿದೆ ಎಂದುಕೊಳ್ಳುತ್ತಾರೆ. ನನ್ನ ಸಿಟ್ಟು ವಯಸ್ಸಿನಿಂದ ಬಂದದ್ದಲ್ಲ. ಜಡೆ ಹಾಕಿಕೊಂಡು ಸ್ಕೂಲಿಗೆ ಪಾಠ ಮಾಡಲು ಹೋಗುತ್ತಿದ್ದ ಕಾಲದಲ್ಲಿ ಬಂದದ್ದು, ಇನ್ನೂ ಹೋಗಿಲ್ಲ. ಹೋಗಲಿ ಎಂದು ನಾನೂ ಕೇಳಿಕೊಂಡಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಬಡಾವಣೆಯಲ್ಲಿ ಆಗ ಅರ್ಧ ಮನೆ, ಅರ್ಧ ಮುಳ್ಳುಗಿಡ. ರಸ್ತೆಗೆ ಜಲ್ಲಿ ಸುರಿದಿದ್ದರು, ಟಾರು ಬಂದಿರಲಿಲ್ಲ. ಬೀದಿ ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಖಾಸಗಿ ಕಂಪನಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಕೆಲಸದಿಂದ ಬಿಡುಗಡೆಯಾದ ಮೇಲೆ ಬಸವನಗುಡಿಯ ವಠಾರ ಬಿಟ್ಟು ಇಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು. ಗೃಹಪ್ರವೇಶವಾಗಿ ವರ್ಷ ತುಂಬುವುದರೊಳಗೆ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲಾಯಿತು. ತಲೆ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು. ಹಜಾರದ ಕಿಟಕಿಗೆ ತಾಗಿಸಿ ಅವರ ಮಂಚ ಹಾಕಿದ್ದೆವು. ಬೀದಿಯಲ್ಲಿ ಯಾರು ಏನು ಮಾತಾಡಿದರೂ ಅವರ ಕಿವಿಗೆ ಬೀಳುತ್ತಿತ್ತು.

ಅಪ್ಪನಿಗೆ ಪೆನ್ಷನ್ ಇರಲಿಲ್ಲ. ನಾನು ಸರ್ಕಾರಿ ಪ್ರೈಮರಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ, ಅದೂ ಟೆಂಪೊರರಿ. ಮನೆಯ ಅಕ್ಕಿ ಬೇಳೆ, ಅಪ್ಪನ ಔಷಧಿ ಎಲ್ಲವೂ ನನ್ನ ಸಂಬಳದ ಮೇಲೆಯೇ ನಿಂತಿತ್ತು. ಆ ಬೇಸಿಗೆಯೊಳಗೆ ಖಾಯಂ ಆಗುತ್ತದೆ, ಫೈಲು ಮೇಲಕ್ಕೆ ಹೋಗಿದೆ ಎಂದು ಹೆಡ್‌ಮಿಸ್ಟ್ರೆಸ್ ಹೇಳಿದ್ದರು. ನಾವು ಮೂವರೂ ಆ ಒಂದು ಆರ್ಡರನ್ನು ನೆಚ್ಚಿಕೊಂಡು ಕೂತಿದ್ದೆವು.

ಅಮ್ಮನಿಗೆ ಹೊರಗಿನ ಪ್ರಪಂಚ ಎಂದರೆ ಬಾಗಿಲ ಮುಂದಿನ ನಾಲ್ಕು ಮಾರು ನೆಲ. ಬೆಳಿಗ್ಗೆ ಎದ್ದು ಅದನ್ನು ಗುಡಿಸಿ, ಸಗಣಿ ನೀರು ಹಾಕಿ ಸಾರಿಸಿ, ರಂಗೋಲಿ ಬಿಟ್ಟ ಮೇಲೆಯೇ ಒಲೆ ಹೊತ್ತಿಸುತ್ತಿದ್ದಳು. ಜ್ವರ ಬಂದಿದ್ದರೂ ಎರಡು ಎಳೆಯಾದರೂ ಎಳೆಯದೆ ಬಿಡುತ್ತಿರಲಿಲ್ಲ. ನಮ್ಮಲ್ಲಿ ಬಾಗಿಲು ಬೋಳಾಗಿ ಇರುವುದಕ್ಕೆ ಒಂದೇ ಒಂದು ಅರ್ಥ: ಆ ಮನೆಯಲ್ಲಿ ಸಾವಾಗಿದೆ. ಧನುರ್ಮಾಸ ಬಂತೆಂದರೆ ಅಮ್ಮನ ರಂಗೋಲಿ ಇನ್ನೂ ದೊಡ್ಡದಾಗುತ್ತಿತ್ತು. ಅಪ್ಪ ಮಲಗಿದ ಮೇಲೆ ಅವಳು ಕಳಶವೊಂದನ್ನು ಬಿಟ್ಟು ಬೇರೆ ಏನನ್ನೂ ಹಾಕುತ್ತಿರಲಿಲ್ಲ. ಹೊಟ್ಟೆ ತುಂಬಿದ ಬಿಂದಿಗೆ, ಬಾಯಿಗೆ ಮಾವಿನೆಲೆ, ಮೇಲೊಂದು ತೆಂಗಿನಕಾಯಿ. ಯಾಕೆ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಆ ಧನುರ್ಮಾಸದ ಶುರುವಿನಲ್ಲೇ ನಮ್ಮ ಬೀದಿಗೆ ಒಂದು ಜೀಪು ಬಂತು. ಈ ಕಡೆಯ ರಸ್ತೆಗೆ ಜಲ್ಲಿ, ಚರಂಡಿಗೆ ಚಪ್ಪಡಿ ಒದಗಿಸುತ್ತಿದ್ದ ಕಂಟ್ರಾಕ್ಟರನ ಜೀಪು. ಮನೆಮನೆಗೂ ಹ್ಯಾಂಡ್‌ಬಿಲ್ ಕೊಟ್ಟರು. ರಂಗೋಲಿ ಸ್ಪರ್ಧೆ. ಬಡಾವಣೆಗೆ ನೀರಿನ ಕೊರತೆ ನೀಗಲೆಂದು ಗಂಗಮ್ಮನನ್ನು ಪ್ರಾರ್ಥಿಸಿ ಹೆಂಗಳೆಯರು ಸಂಕ್ರಾಂತಿಯವರೆಗೆ ಬಾಗಿಲಲ್ಲಿ ತುಂಬಿದ ಬಿಂದಿಗೆಯ ರಂಗೋಲಿ ಹಾಕಬೇಕು. ಹಬ್ಬದ ದಿನ ಬಂದು ನೋಡಿ ಬಹುಮಾನ ಕೊಡುತ್ತಾರೆ. ಕೆಳಗೆ 'ಬಡಾವಣೆಯ ಹಿತೈಷಿಗಳು' ಎಂದಿತ್ತು. ಹೆಸರಿಲ್ಲ, ವಿಳಾಸವಿಲ್ಲ. ಹ್ಯಾಂಡ್‌ಬಿಲ್ ಜೊತೆಗೆ ಒಂದೊಂದು ಪೊಟ್ಟಣ ರಂಗೋಲಿ ಪುಡಿಯೂ ಪುಕ್ಕಟೆ.

ಬೇಡ ಎನ್ನುವುದಕ್ಕೆ ಅದರಲ್ಲಿ ಏನಿತ್ತು? ಹೇಗೂ ಹಾಕುವ ರಂಗೋಲಿ. ನಮ್ಮ ಬೀದಿಯ ಹೆಂಗಸರು ಹೊಸ ಬಡಾವಣೆಯಲ್ಲಿ ಒಬ್ಬರಿಗೊಬ್ಬರು ಅಷ್ಟಾಗಿ ಪರಿಚಯವಿಲ್ಲದೆ ಒಣಗಿಹೋಗಿದ್ದರು. ಸ್ಪರ್ಧೆಯ ನೆಪದಲ್ಲಿ ಮಾತು ಶುರುವಾಯಿತು. ಅಮ್ಮನ ಕಳಶವನ್ನು ನೋಡಿ ಕಲಿತುಕೊಂಡು ಹೋಗಲು ಮೂರನೇ ಬೀದಿಯಿಂದಲೂ ಬಂದರು. ಅಪ್ಪ ಕಿಟಕಿಯಲ್ಲೇ ಕೂತು, "ನಿಮ್ಮಮ್ಮ… ರಂಗೋಲಿ… ಹೆಡ್‌ಮಿಸ್ಟ್ರೆಸ್ಸು" ಎಂದು ತೊದಲಿ ನಗುತ್ತಿದ್ದರು. ಒಂದೆರಡು ವಾರದಲ್ಲಿ ಬೆಳಗಾದರೆ ಸಾಕು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಿಂದಿಗೆಯೋ ಬಿಂದಿಗೆ.

ಆಮೇಲೆ ಕಾರ್ಪೊರೇಷನ್ ಚುನಾವಣೆಗೆ ನಾಮಪತ್ರ ಹಾಕುವ ದಿನ ಬಂತು. ನಮ್ಮ ವಾರ್ಡಿಗೆ ಪಕ್ಷೇತರನಾಗಿ ನಿಂತವನು ಆ ಕಂಟ್ರಾಕ್ಟರನ ಭಾವಮೈದ. ಅಲ್ಲಿಯವರೆಗೆ ಅವನ ಮುಖವನ್ನು ನಾವ್ಯಾರೂ ನೋಡಿರಲಿಲ್ಲ. ಪಕ್ಷೇತರರು ಉಳಿದಿರುವ ಗುರುತುಗಳಲ್ಲಿ ತಮಗೆ ಬೇಕಾದ್ದನ್ನು ಕೇಳಬೇಕಿತ್ತು. ಅವನು ಕೇಳಿದ ಗುರುತು ಬಿಂದಿಗೆ, ಅವನಿಗೆ ಸಿಕ್ಕಿದ್ದೂ ಬಿಂದಿಗೆ. ಮಾರನೆಯ ದಿನವೇ ಅದೇ ಜೀಪು ಮೈಕು ಕಟ್ಟಿಕೊಂಡು ಬಂತು.

"ಅಮ್ಮಂದಿರೇ, ಅಕ್ಕಂದಿರೇ, ನಮ್ಮ ಗುರುತು ಯಾವ್ದು ಅಂತ ನಾವು ಹೇಳೋದೇ ಬೇಕಿಲ್ಲ. ನಿಮ್ಮ ಮನೆ ಬಾಗ್ಲಲ್ಲಿ ನೀವೇ ಹಾಕಿದೀರಿ."

ನಾನು ಆಗಷ್ಟೇ ಸ್ಕೂಲಿಗೆ ಹೊರಟಿದ್ದೆ. ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡು, ಗಂಡನ ಪ್ರಾಣ ಉಳಿಯಲಿ ಎಂದು ಒಬ್ಬ ಹೆಂಗಸು ಹಾಕಿದ ಕಳಶ, ರಾತ್ರಿ ಬೆಳಗಾಗುವುದರೊಳಗೆ ಒಬ್ಬ ಜಲ್ಲಿ ವ್ಯಾಪಾರಿಯ ಭಾವಮೈದನ ಬೋರ್ಡು ಆಗಿತ್ತು. ಅದಕ್ಕೆ ಅವನು ನಮ್ಮನ್ನು ಕೇಳಿರಲಿಲ್ಲ. ಕೇಳಿದ್ದು ರಂಗೋಲಿಯನ್ನು, ತೆಗೆದುಕೊಂಡದ್ದು ಬಾಗಿಲನ್ನು.

ಎದುರು ಮನೆಯಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರಿದ್ದರು. ಕೋರ್ಟು ಕಚೇರಿಯ ಕಾಯಿದೆಯೆಲ್ಲ ಅವರ ನಾಲಿಗೆಯ ಮೇಲಿತ್ತು. ಸಂಜೆ ಅವರ ಜಗಲಿಗೆ ಹೋಗಿ, ಇದಕ್ಕೆ ಹೇಳೋರು ಕೇಳೋರು ಯಾರೂ ಇಲ್ಲವೇ ಎಂದು ಕೇಳಿದೆ.

"ರೂಲ್ಸ್ ಇದೆಯಮ್ಮ" ಎಂದರು ಅವರು. "ಕ್ಯಾಂಡಿಡೇಟ್ ಅಲ್ದೇ ಇರೋರು ಅವನ ಪರವಾಗಿ ಜಾಹೀರಾತಿಗೆ ಖರ್ಚು ಮಾಡ್ಬೇಕಾದ್ರೆ ಅವನ ಹತ್ರ ಬರಹದಲ್ಲಿ ಒಪ್ಪಿಗೆ ತಗೋಬೇಕು. ಇಲ್ದಿದ್ರೆ ಅಪರಾಧ."

"ಹಾಗಿದ್ರೆ ಇವ್ನು ತಗೊಂಡಿದಾನಾ?"

"ಏನಂತ ತಗೋತಾನೆ? ರಂಗೋಲಿ ಹಾಕಿ ಅಂತ ಅವ್ನು ಹೇಳಿದಾಗ ಕ್ಯಾಂಡಿಡೇಟೂ ಇರ್ಲಿಲ್ಲ, ಗುರುತೂ ಇರ್ಲಿಲ್ಲ. ಜಾಹೀರಾತು ಮೊದ್ಲು ಬಂತು, ಗುರುತು ಆಮೇಲೆ ಬಂತು. ಹಿಡಿಯೋಕೆ ಬಾಲವೇ ಇಲ್ಲ."

ಅವರ ಧ್ವನಿಯಲ್ಲಿ ಸ್ವಲ್ಪ ಮೆಚ್ಚುಗೆಯೂ ಇತ್ತು. ಅದು ನನ್ನ ಮೈಯನ್ನು ಇನ್ನಷ್ಟು ಉರಿಸಿತು. ಬುದ್ಧಿವಂತಿಕೆ ಎಂದರೆ ಗಂಡಸರು ಬೇಗ ಕರಗುತ್ತಾರೆ.

ಬೀದಿಯ ಕೆಲವು ಹೆಂಗಸರು ಬಿಂದಿಗೆ ಬಿಟ್ಟು ಹೂವಿಗೆ, ನಕ್ಷತ್ರಕ್ಕೆ ಹೋದರು. ಬಹಳ ಜನ ಬಹುಮಾನದ ಆಸೆಗೆ ಮುಂದುವರಿಸಿದರು. ಅಮ್ಮ ಮಾತ್ರ ಯಾವ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಅವ್ನು ಹುಟ್ಟೋಕೆ ಮುಂಚೆಯಿಂದ ಕಳಶ ಇದೆ. ಅವ್ನಿಗೆ ಬೇಕಾದ್ರೆ ಬೇರೆ ಗುರುತು ತಗೊಳ್ಳಿ" ಎಂದು ಹಾಕುತ್ತಲೇ ಹೋದಳು. ನನಗೂ ಅದೇ ಸರಿ ಅನ್ನಿಸಿತ್ತು.

ಆದರೆ ಎದುರಾಳಿ ಅಭ್ಯರ್ಥಿಯ ಕಡೆಯವರು ಸುಮ್ಮನಿರಲಿಲ್ಲ, ದೂರು ಕೊಟ್ಟರು. ದೂರು ಕಂಟ್ರಾಕ್ಟರನ ಮೇಲೆ ಹೋಗಬೇಕಿತ್ತು. ಅವನ ಹೆಸರು ಎಲ್ಲಿಯೂ ಇಲ್ಲದ್ದರಿಂದ ಅದು ಬಂದು ಬಿದ್ದದ್ದು ನಮ್ಮಂಥವರ ತಲೆಯ ಮೇಲೆ. ಸರ್ಕಾರಿ ನೌಕರರು ಚುನಾವಣೆ ಪ್ರಚಾರ ಮಾಡುವಂತಿಲ್ಲ ಎಂಬ ರೂಲ್ಸಿಗೆ ಬಾಲ, ಕೊಂಬು, ಕಿವಿ ಎಲ್ಲವೂ ಇತ್ತು. ಭೋಗಿ ಹಬ್ಬದ ದಿನ ಹೆಡ್‌ಮಿಸ್ಟ್ರೆಸ್ ನನ್ನನ್ನು ಕೋಣೆಗೆ ಕರೆಸಿ ಮೆಮೊ ಕೈಗಿಟ್ಟರು.

"ನಾಳೆಯಿಂದ ಪೋಲಿಂಗ್ ಮುಗಿಯೋವರೆಗೆ ನಿಮ್ಮ ಮನೆ ಮುಂದೆ ಏನೂ ಇರಕೂಡ್ದು."

"ಬಿಂದಿಗೆ ಬೇಡ ಮೇಡಂ, ಹೂವು ಹಾಕ್ತೀವಿ. ಅಮ್ಮನ್ನ ಒಪ್ಪಿಸ್ತೀನಿ."

"ಹೂವೂ ಬೇಡ, ಎಲೆಯೂ ಬೇಡ. ಯಾವ್ದು ಹೂವು, ಯಾವ್ದು ಬಿಂದಿಗೆ ಅಂತ ಕೂತು ನೋಡೋರ್ಯಾರು? ಸೊನ್ನೆ ಬರೆದ್ರೂ ಬಿಂದಿಗೆ ಬಾಯಿ ಅಂತಾರೆ. ಇನ್‌ಸ್ಪೆಕ್ಟ್ರು ಬಂದು ನೋಡ್ತಾರೆ. ನಿಮ್ಮ ಫೈಲು ಎಲ್ಲಿದೆ ಅಂತ ಗೊತ್ತಲ್ವಾ?"

ಅವರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೆ. ಆದರೆ ಹೆದರಿದವರು ಮಾಡುವ ಅನ್ಯಾಯವೂ ಬೇಕಾದಷ್ಟಿರುತ್ತದೆ.

ನಾನು ಮನೆಗೆ ಹೋಗದೆ ನೇರವಾಗಿ ಕಂಟ್ರಾಕ್ಟರನ ಶೆಡ್ಡಿಗೆ ಹೋದೆ. ಚಪ್ಪಡಿ ಕಲ್ಲಿನ ರಾಶಿಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮರ್ಯಾದೆಗೆ ಏನೂ ಕಡಿಮೆಯಿರಲಿಲ್ಲ.

"ಸ್ಪರ್ಧೆ ನಂದು, ಖರ್ಚು ನಂದು, ಬೀದಿ ಹೆಂಗಸ್ರಿಗೆ ಇದು ಗೊತ್ತಿರ್ಲಿಲ್ಲ ಅಂತ ನಿಮ್ಮ ಜೀಪಲ್ಲಿ ಒಂದ್ಸಲ ಹೇಳಿಸಿ. ಅಷ್ಟು ಸಾಕು. ನನ್ನ ಕೆಲಸ ಉಳಿಯತ್ತೆ" ಎಂದೆ.

"ಅಯ್ಯೋ ಟೀಚರಮ್ಮ, ನಾನ್ಯಾರು? ಹಿತೈಷಿಗಳು ಮಾಡಿದ್ದದು."

"ಆ ಹಿತೈಷಿ ನೀವೇ ಅಲ್ವಾ? ಜೀಪು ನಿಮ್ದು, ಪುಡಿ ನಿಮ್ದು."

"ಜೀಪು ಯಾರು ಕೇಳಿದ್ರೂ ಕೊಡ್ತೀನಿ" ಎಂದು ನಕ್ಕ. ಆಮೇಲೆ ಧ್ವನಿ ತಗ್ಗಿಸಿದ. "ನೀವು ಓದ್ದೋರು, ನಿಮ್ಗೆ ಗೊತ್ತಾಗತ್ತೆ. ನಂದು ಅಂತ ಹೇಳಿದ ತಕ್ಷಣ ಅದು ಜಾಹೀರಾತಾಗ್ಬಿಡತ್ತೆ. ನನ್ನ ಭಾವಮೈದನ ತಲೆಗೆ ಬರತ್ತೆ. ಹೇಳ್ದೇ ಇದ್ರೆ ಬರೀ ರಂಗೋಲಿ. ಬರೀ ರಂಗೋಲಿಗೆ ಯಾರೇನು ಮಾಡ್ತಾರೆ?"

"ನನ್ನ ಕೆಲಸ ಕಿತ್ಕೋತಾರೆ."

"ಹಾಗಾಗಲ್ಲಮ್ಮ. ಅವ್ನು ಗೆದ್ದ ಮೇಲೆ ನಾನೇ ನಿಂತು ಹೇಳಿಸ್ತೀನಿ" ಎಂದ. ಕಾಫಿ ತರಿಸಲಾ ಎಂದೂ ಕೇಳಿದ. ಆ ಕಾಫಿಯ ಮಾತು ನೆನೆದರೆ ಇವತ್ತಿಗೂ ಅವನ ಶೆಡ್ಡಿಗೆ ಕಲ್ಲೆಸೆಯಬೇಕೆನ್ನಿಸುತ್ತದೆ. ಆ ಶೆಡ್ಡು ಈಗ ಇಲ್ಲ.

ಮನೆಯಲ್ಲಿ ವಿಷಯ ತಿಳಿಸಿದಾಗ ಅಮ್ಮ ಎಳ್ಳು ಬೀರುವುದಕ್ಕೆ ಬೆಲ್ಲ, ಕೊಬ್ಬರಿ ಹೆಚ್ಚುತ್ತಿದ್ದಳು. ಕೈಯಲ್ಲಿದ್ದ ಅಡಕತ್ತರಿ ಕೆಳಗಿಟ್ಟಳು.

"ನಿಮ್ಮಪ್ಪ ಒಳಗೆ ಉಸಿರಾಡ್ತಾ ಮಲಗಿದಾರೆ. ಉಸಿರಾಡ್ತಿರೋರ ಮನೆ ಬಾಗ್ಲು ಬೋಳು ಬಿಡು ಅಂತೀಯಾ? ಅದೂ ಹಬ್ಬದ ದಿನ?"

"ನಾನು ಅಂತಿಲ್ಲಮ್ಮ. ಆಫೀಸಿನೋರು ಅಂತಿದಾರೆ."

"ಆಫೀಸಿನೋರಿಗೆ ತಾಯಿ ಇಲ್ವಾ?"

ಅಪ್ಪ ಒಳಗಿನಿಂದ, "ಬಿಡು… ಬಿಡೇ… ಅವಳ ಕೆಲಸ…" ಎಂದರು. ಅಷ್ಟು ಹೇಳುವುದಕ್ಕೇ ಅವರಿಗೆ ಬೆವರು ಬಂತು. ಅಮ್ಮ ಮತ್ತೆ ಅಡಕತ್ತರಿ ಎತ್ತಿಕೊಂಡಳು. ಕೊಬ್ಬರಿ ಹೆಚ್ಚುವುದನ್ನು ಮುಗಿಸಿದಳು. ಆ ದಿನ ನಾವ್ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಅಮ್ಮ ಬಾಗಿಲು ಗುಡಿಸಿ, ಸಾರಿಸಿ, ಹಸಿ ನೆಲವನ್ನು ಹಾಗೇ ಬಿಟ್ಟು ಒಳಗೆ ಬಂದಳು. ಪುಟ್ಟೇನಹಳ್ಳಿಯಿಂದ ಬರುತ್ತಿದ್ದ ಹಾಲಿನವನು ದಿನವೂ ಕೂಗು ಹಾಕುತ್ತಿದ್ದವನು ಅಂದು ಕೂಗಲಿಲ್ಲ. ನಾನು ಪಾತ್ರೆ ತೆಗೆದುಕೊಂಡು ಹೋದಾಗ ನೆಲ ನೋಡುತ್ತ ನಿಂತಿದ್ದ. ಹಾಲು ಹೊಯ್ದು, ಮೆತ್ತಗೆ, "ಯಾವಾಗಕ್ಕ?" ಎಂದ. "ಏನು ಯಾವಾಗ?" ಎಂದು ಸಿಡುಕಿದೆ. ಮೊದಲೇ ನನ್ನ ತಲೆ ಕೆಟ್ಟಿತ್ತು. ಅವನು ತಲೆ ತಗ್ಗಿಸಿಕೊಂಡು ಸೈಕಲ್ ತಳ್ಳಿಕೊಂಡು ಹೋದ. ಕತ್ರಿಗುಪ್ಪೆಯ ಹೂವಿನವಳು ನಮ್ಮ ಗೇಟಿನ ಮುಂದೆ ಹೆಜ್ಜೆ ನಿಧಾನ ಮಾಡಿ, ಬುಟ್ಟಿ ಇಳಿಸದೆ ಮುಂದಕ್ಕೆ ಹೋದಳು.

ಬಿಸಿಲೇರಿತು. ಹೊಸ ಲಂಗ ಉಟ್ಟ ಹೆಣ್ಣುಮಕ್ಕಳು ಎಳ್ಳಿನ ತಟ್ಟೆ ಹಿಡಿದು ಎಲ್ಲರ ಮನೆಗೂ ಹೋಗುತ್ತಿದ್ದರು. ನಮ್ಮ ಮನೆಗೆ ಒಬ್ಬರೂ ಬರಲಿಲ್ಲ. ಎದುರು ಮನೆಯ ಶಿರಸ್ತೇದಾರರು ಹಬ್ಬಕ್ಕೆ ಮಗಳ ಮನೆಗೆ ಹೋಗಿದ್ದರು. ಅಮ್ಮ ಬಾಗಿಲ ಬಳಿ ಹೋಗುವುದು, ವಾಪಸು ಬರುವುದು ಮಾಡುತ್ತಿದ್ದಳು. ಕೊನೆಗೆ ನಾನೇ ತಟ್ಟೆ ಹಿಡಿದು ಪಕ್ಕದ ಮನೆಗೆ ಹೋದೆ. ಆ ಮನೆಯಾಕೆ ನನ್ನನ್ನು ಕಂಡು ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ಸೂತಕದಲ್ಲಿ ನೀವ್ಯಾಕೆ ಬರೋಕೆ ಹೋದ್ರಿ? ಪೂಜೆ ಮುಗಿಸ್ಕೊಂಡು ನಾನೇ ಬರ್ತಿದ್ದೆ. ಹಾಲಿನವನು ಹೇಳ್ದ. ಯಜಮಾನ್ರು ತುಂಬ ನರಳಿದ್ರಾ?"

ಅಪ್ಪ ಚೆನ್ನಾಗಿದ್ದಾರೆ, ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದಿದ್ದಾರೆ ಎಂದೆ. ಆಕೆ ಬಾಯಿಗೆ ಸೆರಗು ಇಟ್ಟುಕೊಂಡರು. ಅವರಿಗೆ ಇನ್ನೇನಾದರೂ ಹೇಳುವ ಮೊದಲೇ ನಮ್ಮ ಗೇಟಿನ ಮುಂದೆ ಜೀಪು ನಿಂತ ಸದ್ದಾಯಿತು.

ರಂಗೋಲಿ ನೋಡಲು ಹೊರಟವರ ಮೆರವಣಿಗೆ ಅದು. ಕಂಟ್ರಾಕ್ಟರ್, ಅವನ ಭಾವಮೈದ, ಹಿಂದೆ ಬೀದಿಯ ಅರ್ಧ ಜನ. ಬೋಳು ಬಾಗಿಲು ಕಂಡು ಮೈಕು ನಿಲ್ಲಿಸಿದ್ದರು. ಎಲ್ಲರೂ ಚಪ್ಪಲಿ ಬಿಟ್ಟಿದ್ದರು. ಕಂಟ್ರಾಕ್ಟರ್ ತನ್ನ ಭಾವಮೈದನಿಗೆ ಹಾಕಿಸಲು ತಂದಿದ್ದ ಸೇವಂತಿಗೆ ಹಾರವನ್ನೇ ಕೈಯಲ್ಲಿ ಹಿಡಿದುಕೊಂಡಿದ್ದ. ರಸ್ತೆಯಾಚೆ ಟೋಪಿ ಹಾಕಿಕೊಂಡವರೊಬ್ಬರು ಸೈಕಲ್ ಒರಗಿಸಿ ನಿಂತಿದ್ದರು. ನಮ್ಮ ಬಾಗಿಲು ನೋಡಲು ಬಂದ ಶಾಲಾ ಇನ್‌ಸ್ಪೆಕ್ಟರ್ ಅವರು.

"ಧೈರ್ಯ ತಗೋಬೇಕು ಟೀಚರಮ್ಮ" ಎಂದ ಕಂಟ್ರಾಕ್ಟರ್. "ದೊಡ್ಡ ಮನುಷ್ರು. ಕೊನೇ ದರ್ಶನಕ್ಕೆ ಒಂದು ಹಾರ…"

ಕಿಟಕಿಯ ಒಳಗಿನಿಂದ ಅಪ್ಪನ ಧ್ವನಿ ಬಂತು. "ಯಾರದು… ಬಂದಿರೋದು?"

ಕಂಟ್ರಾಕ್ಟರ್ ಹಾರವನ್ನು ಬೆನ್ನ ಹಿಂದಕ್ಕೆ ಸರಿಸಿದ.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೊನೇ ದರ್ಶನ ಎಂಬ ಮಾತನ್ನೂ ಕೇಳಿಸಿಕೊಂಡಿದ್ದರು. ಅಮ್ಮ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ನೋಡಿ ನನಗೆ ಮೆಮೊ, ಫೈಲು, ಬೇಸಿಗೆಯ ಆರ್ಡರು ಎಲ್ಲವೂ ಮರೆತುಹೋಯಿತು.

"ತಪ್ಪು ತಿಳ್ಕೋಬೇಡಿ" ಎಂದ ಕಂಟ್ರಾಕ್ಟರ್. "ಬಾಗ್ಲಲ್ಲಿ ರಂಗೋಲಿ ಇರ್ಲಿಲ್ಲ, ಅದಕ್ಕೆ…"

"ಯಾಕಿಲ್ಲ ಅಂತ ಇವ್ರಿಗೆಲ್ಲ ಹೇಳಿ" ಎಂದೆ. "ನಿಮ್ಮ ಭಾವಮೈದನ ಗುರುತು ಅಂತ ಹಾಕದೇ ಬಿಟ್ಟಿದ್ದು. ಬಿಂದಿಗೆ ಹಾಕಿ ಅಂತ ಹಾಕಿಸ್ದೋರು ಯಾರು? ಜನ ಎಲ್ಲ ಇಲ್ಲೇ ಇದಾರೆ. ಒಂದ್ಸಲ ಹೇಳಿ."

ಅವನು ಜನರನ್ನು ನೋಡಿದ, ಇನ್‌ಸ್ಪೆಕ್ಟರರನ್ನು ನೋಡಿದ, ತನ್ನ ಭಾವಮೈದನನ್ನು ನೋಡಿದ. "ಹಿತೈಷಿಗಳು…" ಎಂದು ನಿಲ್ಲಿಸಿದ.

ನಾನು ಒಳಗೆ ಹೋಗಿ ರಂಗೋಲಿ ಡಬ್ಬಿ ತಂದೆ. ಅಮ್ಮ "ಬೇಡ ಕಣೆ, ಕೆಲಸ" ಎಂದಳು. ನಾನು ಬಗ್ಗಿ ಹಾಕತೊಡಗಿದೆ. ಅಪ್ಪ ಬದುಕಿದ್ದಾರೆ ಎಂದು ಬೀದಿಗೆ ತಿಳಿಸಲು ನನ್ನ ಹತ್ತಿರ ಬೇರೆ ಭಾಷೆ ಇರಲಿಲ್ಲ. ಅವರು ಮಲಗಿದ ಮೇಲೆ ನಮ್ಮ ಬಾಗಿಲು ಕಂಡದ್ದು ಕಳಶವೊಂದನ್ನೇ, ನನ್ನ ಕೈಗೆ ಬಂದದ್ದೂ ಕಳಶವೇ. ಹೊಟ್ಟೆಯ ಗೆರೆ ಎಳೆದು ಕತ್ತಿನ ಹತ್ತಿರ ಬಂದಾಗ ತಲೆಯ ಮೇಲೆ ಕಂಟ್ರಾಕ್ಟರನ ದನಿ ಕೇಳಿತು. ಹೋಗಿದ್ದ ಉಸಿರು ವಾಪಸು ಬಂದವನಂತೆ ಮಾತಾಡುತ್ತಿದ್ದ.

"ನೋಡಿ, ಎಲ್ರೂ ನೋಡ್ಕೊಳ್ಳಿ. ಟೀಚರಮ್ಮನೇ ತಮ್ಮ ಕೈಯಾರೆ ಬಿಂದಿಗೆ ಹಾಕ್ತಿದಾರೆ."

ಅವನ ಭಾವಮೈದ ನನ್ನ ಕಡೆಗೆ ಕೈಮುಗಿದು ನಿಂತ. ಜನರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಕೈಯಲ್ಲಿದ್ದ ಪುಡಿಯನ್ನು ಅವರಿಬ್ಬರ ಮುಖಕ್ಕೂ ಎರಚಬೇಕೆನ್ನಿಸಿತು. ಎದ್ದು ಹೋಗುವ ಹಾಗೂ ಇರಲಿಲ್ಲ. ಅರ್ಧಕ್ಕೆ ನಿಂತ ಕಳಶವನ್ನು, ಅಪ್ಪ ಮಲಗಿರುವ ಮನೆಯ ಬಾಗಿಲಲ್ಲಿ, ಹಬ್ಬದ ದಿನ ಹೇಗೆ ಬಿಡಲಿ? ಹಲ್ಲು ಕಚ್ಚಿಕೊಂಡು ಕತ್ತು ಬರೆದೆ, ಮಾವಿನೆಲೆ ಬರೆದೆ, ತೆಂಗಿನಕಾಯಿ ಬರೆದೆ. ರಂಗೋಲಿ ಮುಗಿಯುವವರೆಗೂ ಆ ಭಾವಮೈದ ಕೈಮುಗಿದುಕೊಂಡೇ ಇದ್ದ. ಇನ್‌ಸ್ಪೆಕ್ಟರ್ ಸೈಕಲ್ ಹತ್ತಿ ಹೋದರು.

ಭಾವಮೈದ ಗೆದ್ದ. ನನ್ನ ಹೆಸರು ಖಾಯಂ ಆಗುವವರ ಪಟ್ಟಿಯಿಂದ ಹೋಯಿತು, ಆ ವರ್ಷ ಮುಗಿದ ಮೇಲೆ ಕೆಲಸವೂ ಹೋಯಿತು. ಕೊನೆಯ ದಿನ ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ನಿಂತು, ರಂಗೋಲಿ ಸ್ಪರ್ಧೆಯ ಮೇಲಿನ ದೂರು ಏನಾಯಿತು ಎಂದು ಕೇಳಿದೆ.

"ವಜಾ ಆಯ್ತಂತೆ" ಎಂದರು ಅವರು. "ಅದು ಜಾಹೀರಾತು ಅಂತ ಹೇಳೋಕಾಗಲ್ವಂತೆ. ಮಾಡ್ಸಿದ್ದು ಯಾರು ಅಂತ ಗೊತ್ತಾಗ್ಲಿಲ್ವಂತೆ."

"ನಾನು ಹಾಕಿದ್ದು?"

ಅವರು ನನ್ನ ಮುಖ ನೋಡದೆ ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿಯನ್ನು ಸರಿಮಾಡಿದರು.

"ನಿಮ್ದು ಜಾಹೀರಾತೇ ಅಂತೆ ಕಣಮ್ಮ. ಯಾರು ಹಾಕಿದ್ದು ಅಂತ ಎಲ್ರಿಗೂ ಗೊತ್ತಲ್ವಾ."